ಹಲಗೆಯಲ್ಲಿ ಕಂಡ ಬೇವಿನ ಮರ

“ನಮ್ಮ ಮಗೀಗೆ ಓದು ತಲೆಗೆ ಹತ್ತಲ್ಲ.” ಈ ಮಾತು ಕೇಳದ ಊರು ನಮ್ಮ ಕಡೆ ಯಾವುದಿದೆ? ಬಸ್ಸಿನಲ್ಲಿ ಕೇಳುತ್ತೇವೆ, ನೀರಿನ ಟ್ಯಾಂಕಿನ ಹತ್ತಿರ ಕೇಳುತ್ತೇವೆ, ಮಹಿಳಾ ಸಂಘದ ಸಭೆಯಲ್ಲಿ ಕೇಳುತ್ತೇವೆ. ತಾಯಂದಿರು ಹೇಳುತ್ತಾರೆ, ಪಾಠ ಹೇಳುವ ನಾವೂ ಹೇಳುತ್ತೇವೆ. ಹೇಳಿದವರು ಒಂದು ನಿಟ್ಟುಸಿರು ಬಿಡುತ್ತಾರೆ, ಕೇಳಿದವರು ಇನ್ನೊಂದು ಬಿಡುತ್ತಾರೆ, ಅಲ್ಲಿಗೆ ಒಂದು ಮಗುವಿನ ಕಥೆ ಮುಗಿಯುತ್ತದೆ. ನಾನು ಎಷ್ಟು ಮಕ್ಕಳ ಬಗ್ಗೆ ಹೀಗೆ ಹೇಳಿದ್ದೇನೋ ನೆನಪಿಲ್ಲ. ಒಬ್ಬಳ ವಿಷಯ ಮಾತ್ರ ಮರೆಯಲು ಆಗುತ್ತಿಲ್ಲ, ಅದನ್ನೇ ಇಲ್ಲಿ ಬರೆಯುತ್ತೇನೆ.

ನನ್ನ ಹೆಸರು ಚಂದ್ರಕಲಾ. ಹುಟ್ಟಿದ್ದು, ಓದಿದ್ದು ಆಂಧ್ರದ ಗಡಿಯ ಕಲ್ಯಾಣದುರ್ಗದಲ್ಲಿ. ಈಗ ಹಿಂದೂಪುರದಲ್ಲಿ ಮನೆ ಮಾಡಿಕೊಂಡು ದಿನಾ ಬೆಳಿಗ್ಗೆ ಚಿಲಮತ್ತೂರಿನ ಬಸ್ಸು ಹಿಡಿದು ಒಂದು ಹಳ್ಳಿಯ ಕನ್ನಡ ಶಾಲೆಗೆ ಹೋಗಿ ಪಾಠ ಮಾಡುತ್ತೇನೆ. ಆ ಹಳ್ಳಿಯ ಹೆಸರು ಹೇಳುವುದಿಲ್ಲ. ಹೇಳಿದರೆ ನಮ್ಮೂರಲ್ಲವಲ್ಲ ಎಂದು ನೀವು ಸಮಾಧಾನ ಮಾಡಿಕೊಳ್ಳುತ್ತೀರಿ.

ನಮ್ಮ ಶಾಲೆಯನ್ನು ನೋಡಿದವರು ಯಾರೂ ಕೆಟ್ಟ ಮಾತು ಆಡಿಲ್ಲ. ಐದು ವರ್ಷದ ಹಿಂದೆ ದೊಡ್ಡ ಅಧಿಕಾರಿಯೊಬ್ಬರು ಬರುತ್ತಾರೆಂದು ಊರಿನವರೂ ನಾವೂ ಸೇರಿ ಗೋಡೆಗೆಲ್ಲ ಬಣ್ಣ ಹೊಡೆಸಿದ್ದೆವು. ಹೊರಗೋಡೆಗೆ ರೈಲು, ಒಳಗೋಡೆಗೆ ಹೂವು. ಕರಿಹಲಗೆ ಮಾಸಿತ್ತು. ಅದಕ್ಕೂ ಒಂದು ಕೈ ಇರಲಿ ಎಂದು ಗೇಟಿಗೆ ತಂದು ಉಳಿದಿದ್ದ ಕಪ್ಪು ಆಯಿಲ್ ಪೇಂಟನ್ನೇ ಎರಡು ಸಲ ಹೊಡೆಸಿದೆವು. ಹಲಗೆ ಹೊಸ ಮೋಟಾರು ಬೈಕಿನ ಹಾಗೆ ಹೊಳೆಯಿತು. ಅಧಿಕಾರಿ ಬಂದು ಮೆಚ್ಚಿಕೊಂಡು ಹೋದರು, ನಾವು ಫೋಟೋ ತೆಗೆದು ಗ್ರೂಪಿಗೆ ಹಾಕಿದೆವು.

ಚಾರ್ಟುಗಳೂ ಬೇಕಾದಷ್ಟು ಇದ್ದವು. ದೇಹದ ಅಂಗಗಳು, ನೀರಿನ ಚಕ್ರ, ಭಾರತದ ನಕ್ಷೆ, ಒತ್ತಕ್ಷರಗಳು. ಬೇಸಿಗೆ ರಜೆಯಲ್ಲಿ ಕೂತು ನಾನೇ ಬರೆದವು ಅರ್ಧ. ಮಕ್ಕಳು ಮುಟ್ಟಿ ಹರಿದುಹಾಕುತ್ತಾರೆಂದು ಎಲ್ಲಕ್ಕೂ ಪ್ಲಾಸ್ಟಿಕ್ ಹೊದಿಸಿ, ಏಣಿ ಹಾಕಿ, ಸೂರಿನ ಕೆಳಗೆ ಸಾಲಾಗಿ ಮೊಳೆ ಹೊಡೆದಿದ್ದೆವು. ಅಷ್ಟೆತ್ತರದಲ್ಲಿ ಅವನ್ನು ಓದಬಲ್ಲವು ಹಲ್ಲಿಗಳು ಮಾತ್ರ. ಭೂಗೋಳದ ಗುಂಡು ಬೀರುವಿನಲ್ಲಿತ್ತು, ಅದರ ಕವರು ಕೂಡ ತೆಗೆದಿರಲಿಲ್ಲ. ಆಮೇಲೆ ದೊಡ್ಡ ಪರದೆಯ ಟಿವಿ ಬಂತು. ಎಂಟು ತಿಂಗಳು ಓಡಿ, ಒಂದು ದಿನ ಕರೆಂಟು ಏರುಪೇರಾಗಿ ಕಣ್ಣು ಮುಚ್ಚಿತು. ರಿಪೇರಿಯವರು ಬರುತ್ತಾರೆ, ಬಂದ ಮೇಲೆ ಚೆನ್ನಾಗಿ ಪಾಠ ಮಾಡೋಣ ಎಂದು ನಾನು ಎರಡು ವರ್ಷ ಕಾದೆ. ಕಾಯುವುದಕ್ಕೆ ಶ್ರಮ ಬೇಕಿಲ್ಲವಲ್ಲ.

ಒಂದರಿಂದ ಐದರವರೆಗಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಕೂರುವ ಈ ಶಾಲೆಯಲ್ಲಿ ನಾಲ್ಕನೇ ತರಗತಿಯಲ್ಲಿದ್ದಳು ಯಶೋದಾ. ವಯಸ್ಸಿಗೆ ಮೀರಿ ಉದ್ದ ಬೆಳೆದ ಹುಡುಗಿ. ಅವಳಪ್ಪ ಓಬುಳೇಶ್, ಅಮ್ಮ ವರಲಕ್ಷ್ಮಿ ಇಬ್ಬರೂ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹಿಂದೂಪುರದ ಕಡೆ ಫ್ಯಾಕ್ಟರಿ ಕೆಲಸಕ್ಕೆ ಹೋಗುವವರು. ಮಗುವಿಗೆ ಜಡೆ ಹಾಕಿ ಶಾಲೆಗೆ ಕಳಿಸುವುದು ಅಜ್ಜಿ ಉಡುಸಲಮ್ಮ. ಎತ್ತರದ ಮಕ್ಕಳು ಹಿಂದೆ ಕೂರಬೇಕು ಎಂಬ ನಿಯಮದಂತೆ ಯಶೋದಾ ಒಂದನೇ ತರಗತಿಯಿಂದಲೂ ಕೊನೆಯ ಸಾಲಿನಲ್ಲಿ, ಬಾಗಿಲಿನ ಎದುರು ಗೋಡೆಗೆ ಅಂಟಿಕೊಂಡ ಮೂಲೆಯಲ್ಲಿ ಕೂರುತ್ತಿದ್ದಳು. ಆ ಮೂಲೆಯಲ್ಲಿ ನಾಲ್ಕು ಮಕ್ಕಳಿಗೆ ಜಾಗ. ಓದಿನಲ್ಲಿ ಹಿಂದುಳಿದವರನ್ನೂ ನಾನು ಅಲ್ಲಿಗೇ ಕಳಿಸುತ್ತಿದ್ದೆ. ದಡ್ಡರ ಮೂಲೆ ಎಂದು ನಾವು ಇಟ್ಟ ಹೆಸರು ಮಕ್ಕಳ ಬಾಯಿಗೂ ಹೋಗಿತ್ತು.

ಯಶೋದಾ ಹಲಗೆ ನೋಡಿ ಬರೆಯುತ್ತಿರಲಿಲ್ಲ. ತಲೆ ತಗ್ಗಿಸಿ ಪಕ್ಕದವಳ ಪುಸ್ತಕದಿಂದ ಇಳಿಸಿಕೊಳ್ಳುತ್ತಿದ್ದಳು. ಪಕ್ಕದವಳು ಮುಂದಿನವಳನ್ನು ನೋಡಿ ಬರೆದದ್ದು, ಹಾಗಾಗಿ ಅವಳ ತಪ್ಪಿನ ಮೇಲೆ ಇವಳದೊಂದು ತಪ್ಪು. ನಾನು ಎಷ್ಟು ಬೈದಿದ್ದೇನೋ ಲೆಕ್ಕವಿಲ್ಲ. ಕಳೆದ ನವೆಂಬರಿನಲ್ಲಿ ಒಂದು ದಿನ ಕಳೆಯುವ ಲೆಕ್ಕ ಬರೆದು, ಅವಳನ್ನು ಎಬ್ಬಿಸಿ ನಿಲ್ಲಿಸಿ, ಬೇರೆಯವರ ಪುಸ್ತಕ ನೋಡಬೇಡ, ಹಲಗೆ ನೋಡು, ಹಲಗೆಯಲ್ಲಿ ಏನಿದೆ ಹೇಳು ಎಂದೆ.

ಅವಳು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು.

“ಮರ ಐತೆ ಮಿಸ್,” ಎಂದಳು.

ತರಗತಿ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ನಗುವಾಗ ಅವಳ ಮುಖ ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ಅವಳಿಗೆ ತಮಾಷೆ ಏನೆಂದು ಅರ್ಥವಾಗದೆ, ಎಲ್ಲರೂ ನಗುತ್ತಿದ್ದಾರಲ್ಲ ಎಂದು ತಾನೂ ಸ್ವಲ್ಪ ನಕ್ಕು, ಆಮೇಲೆ ಕುಳಿತುಕೊಂಡಳು. ಶಾಲೆಯ ಅಂಗಳದಲ್ಲಿದ್ದ ಮರ ಬೇವಿನದು, ಅವತ್ತಿನಿಂದ ಮಕ್ಕಳು ಅವಳನ್ನು ಬೇವಿನಮರ ಎಂದು ಕರೆಯತೊಡಗಿದರು. ನಾನು ತಡೆಯಲಿಲ್ಲ.

ಡಿಸೆಂಬರಿನಲ್ಲಿ ಪೋಷಕರ ಸಭೆ ನಡೆಯಿತು. ಓಬುಳೇಶ್ ಒಂದು ದಿನ ರಜೆ ಹಾಕಿ ಬಂದಿದ್ದ. ಮಗಳು ಹೇಗೆ ಓದುತ್ತಾಳೆ ಎಂದು ಕೇಳಿದ. ಇಪ್ಪತ್ತು ಜನರ ಮುಂದೆ, ಅಜ್ಜಿಯ ಸೆರಗು ಹಿಡಿದು ಆ ಮಗು ನಿಂತಿದ್ದಾಗಲೇ, ಇವಳಿಗೆ ಓದು ಹತ್ತುವುದಿಲ್ಲ, ಮನೆಗೆಲಸವಾದರೂ ಚೆನ್ನಾಗಿ ಕಲಿಸಿ ಎಂದುಬಿಟ್ಟೆ. ಸಿಟ್ಟಿನಿಂದ ಹೇಳಿದ್ದಲ್ಲ. ಸಾಕಾಗಿ ಹೇಳಿದ್ದು. ಸಾಕಾಗಿ ಹೇಳಿದ ಮಾತನ್ನು ಜನ ಹೆಚ್ಚು ನಂಬುತ್ತಾರೆ ಎಂದು ಈಗ ಗೊತ್ತಾಗಿದೆ.

ಸಂಕ್ರಾಂತಿ ರಜೆ ಮುಗಿಯಿತು, ಯಶೋದಾ ಬರಲಿಲ್ಲ. ಮನೆಗೆ ಹೋಗಿ ಕೇಳಿದೆ. ಕಲ್ಯಾಣದುರ್ಗದಲ್ಲಿ ಓಬುಳೇಶನ ತಂಗಿ ನಾಗರತ್ನಳಿಗೆ ಹೆರಿಗೆಯಾಗಿದೆ, ಕೂಸು ನೋಡಿಕೊಳ್ಳಲು ಹುಡುಗಿಯನ್ನು ಅಲ್ಲಿ ಬಿಟ್ಟು ಬಂದಿದ್ದೇವೆ ಎಂದಳು ಉಡುಸಲಮ್ಮ. ಶಾಲೆ ಬಿಡಿಸುವುದು ತಪ್ಪು ಎಂದು ನಾನು ಅನ್ನಬೇಕಾದದ್ದನ್ನೆಲ್ಲ ಅಂದೆ. ನಮ್ಮ ಕಡೆ ಮನೆಮಾತು ಕನ್ನಡವಾದರೂ ಓದಿಗೆ ತೆಲುಗಿನ ಚದುವು ಎನ್ನುವುದೇ ರೂಢಿ. ಮುದುಕಿ ಮೊರದಲ್ಲಿದ್ದ ಕಡಲೆಕಾಯಿಯಿಂದ ಕಣ್ಣೆತ್ತದೆ ಹೇಳಿದಳು.

“ಚದುವು ಹತ್ತಲ್ಲ ಅಂತ ನೀವೇ ಅಂದ್ಬುಟ್ರಲ್ಲ ಮೇಡಮ್ಮ. ಹತ್ತದೇ ಇರೋದ್ನ ಎಷ್ಟ್ ದಿನ ಹತ್ತುಸ್ತೀರ? ಕೂಸು ಆಡ್ಸೋದು ಚೆನ್ನಾಗಿ ಬತ್ತದೆ ಅವ್ಳಿಗೆ. ಅಷ್ಟಾದ್ರೂ ಇರ್ಲಿ ಬಿಡಿ.”

ನಾನು ಎದ್ದು ಬಂದೆ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರುಹಾಜರಿ ಹಾಕುತ್ತಾ ಒಂದು ತಿಂಗಳು ಕಳೆದೆ.

ಫೆಬ್ರವರಿಯಲ್ಲಿ ಕೊಟ್ಟೂರಪ್ಪ ಮೇಷ್ಟ್ರು ಬಂದರು. ಕಲ್ಯಾಣದುರ್ಗದಲ್ಲಿ ನಾನು ನಾಲ್ಕನೇ ತರಗತಿ ಓದಿದ್ದು ಅವರ ಹತ್ತಿರವೇ. ನಿವೃತ್ತಿಯಾಗಿ ಹದಿನೈದು ವರ್ಷವಾದರೂ ಕಾಲು ಸುಮ್ಮನಿರದ ಜೀವ, ಹೆಗಲಿಗೊಂದು ಕರಿ ಕಂಬಳಿ ಹಾಕಿಕೊಂಡು ಶಾಲೆಯಿಂದ ಶಾಲೆಗೆ ತಿರುಗುತ್ತಾರೆ. ಹಿಂದೂಪುರದ ಮೊಮ್ಮಗಳ ಮನೆಗೆ ಬಂದವರು ನನ್ನ ಶಾಲೆ ನೋಡಬೇಕೆಂದರು. ಹೆಮ್ಮೆಯಿಂದ ಕರೆದುಕೊಂಡು ಹೋದೆ. ಗೋಡೆ, ಚಾರ್ಟು, ಹೂವು, ಎಲ್ಲ ತೋರಿಸಿದೆ. ಅವರು ಎಲ್ಲದಕ್ಕೂ ಹೂಂ ಎಂದು, ನೀನು ಪಾಠ ಮಾಡಮ್ಮ, ನಾನು ಮಕ್ಕಳ ಜೊತೆ ಕೂರುತ್ತೇನೆ ಎಂದರು.

ಮಂಡಿ ಹಿಡಿದುಕೊಂಡು ನೆಲದ ಮೇಲೆ ಮುಂದಿನ ಸಾಲಿನಲ್ಲಿ ಕುಳಿತರು. ಐದು ನಿಮಿಷದ ಮೇಲೆ ಎದ್ದು ನಡುವೆ ಕುಳಿತರು. ಆಮೇಲೆ ಬಾಗಿಲ ಪಕ್ಕ. ಕೊನೆಗೆ ಆ ಮೂಲೆಗೆ ಹೋಗಿ, ಯಶೋದಾ ಕೂರುತ್ತಿದ್ದ ಖಾಲಿ ಜಾಗದಲ್ಲಿ ಗೋಡೆಗೆ ಬೆನ್ನು ಕೊಟ್ಟು ಕುಳಿತರು. ಆಗ ಬೆಳಿಗ್ಗೆ ಹತ್ತೂವರೆ. ನಾನು ಹಲಗೆಯ ತುಂಬ ಲೆಕ್ಕ ಬರೆದು ವಿವರಿಸುತ್ತಿದ್ದೆ.

“ಬರೀತಾ ಇದೀಯೇನಮ್ಮ?” ಎಂದು ಕೇಳಿದರು.

ಬರೆದಾಯಿತಲ್ಲ ಮೇಷ್ಟ್ರೇ ಎಂದೆ. ನನಗೇನೂ ಕಾಣುತ್ತಿಲ್ಲವಲ್ಲ ಎಂದರು. ವಯಸ್ಸಾಗಿದೆ, ಪೊರೆ ಬಂದಿರಬೇಕು, ಹಿಂದೂಪುರದಲ್ಲೇ ಕಣ್ಣಿನ ಡಾಕ್ಟರಿಗೆ ತೋರಿಸೋಣ ಎಂದು ನಾನು ಮರುಕದಿಂದಲೇ ಹೇಳಿದೆ. ಅವರಿಗೆ ಕೋಪ ಬರಲಿಲ್ಲ.

“ಪೊರೆ ಇರ್ಬೋದು ಕಣಮ್ಮ. ನಿನ್ ಕಣ್ಣು ಚೆನ್ನಾಗವೆ ತಾನೆ? ಬಂದು ಇಲ್ಲಿ ಕೂತ್ಕೊ.”

ಹೋಗಿ ಕುಳಿತೆ. ಹದಿಮೂರು ವರ್ಷದಿಂದ ಆ ಕೋಣೆಯಲ್ಲಿ ಪಾಠ ಮಾಡಿದ್ದೇನೆ, ಆ ಮೂಲೆಯ ನೆಲದ ಮೇಲೆ ಒಂದು ದಿನವೂ ಕುಳಿತಿರಲಿಲ್ಲ. ಕುಳಿತು ತಲೆ ಎತ್ತಿದರೆ ನನ್ನ ಕೈಬರಹ ಎಲ್ಲೂ ಇರಲಿಲ್ಲ. ಬಾಗಿಲಿನಿಂದ ಬಂದ ಬೆಳಕು ಹೊಳೆಯುವ ಹಲಗೆಗೆ ಬಡಿದು ನೇರ ಆ ಮೂಲೆಗೆ ಬರುತ್ತಿತ್ತು. ಹಲಗೆಯ ಮುಕ್ಕಾಲು ಭಾಗ ಬೆಳ್ಳಗೆ ಉರಿಯುತ್ತಿತ್ತು. ಆ ಬಿಳುಪಿನ ನಡುವೆ, ಅಂಗಳದಲ್ಲಿ ನಿಂತಿರುವ ಬೇವಿನ ಮರ ಕೊಂಬೆ, ಎಲೆ ಸಮೇತ ಸ್ಪಷ್ಟವಾಗಿ ಕಾಣುತ್ತಿತ್ತು.

ಅವಳು ಸುಳ್ಳು ಹೇಳಿರಲಿಲ್ಲ. ದಡ್ಡತನದಿಂದ ಹೇಳಿದ್ದೂ ಅಲ್ಲ. ಏನು ಕಾಣುತ್ತದೆ ಎಂದು ನಾನು ಕೇಳಿದೆ, ಕಂಡದ್ದನ್ನು ಅವಳು ಹೇಳಿದಳು. ಆ ಕೋಣೆಯಲ್ಲಿ ಸರಿಯಾದ ಉತ್ತರ ಕೊಟ್ಟವಳು ಅವಳೊಬ್ಬಳೇ.

ಆ ಮೂಲೆಯ ಉಳಿದ ಮೂವರು ಮಕ್ಕಳನ್ನು ಕೇಳಿದೆ. ಮೊದಲು ಹೆದರಿದರು. ಆಮೇಲೆ ಒಬ್ಬಳು, ಊಟದ ಬೆಲ್ಲಿನ ತನಕ ಯಾವಾಗಲೂ ಹೀಗೇ ಕಾಣುತ್ತದೆ, ಎಲ್ಲರಿಗೂ ಹೀಗೇ ಕಾಣುತ್ತದೆ ಎಂದುಕೊಂಡಿದ್ದೆವು ಎಂದಳು. ಯಾಕೆ ಹೇಳಲಿಲ್ಲ ಎಂದು ಕೇಳುವ ಮುಖ ನನಗಿರಲಿಲ್ಲ. ಹೇಳಿದವಳಿಗೆ ನಾವು ಏನು ಮಾಡಿದೆವು ಎಂದು ಅವರು ಕಣ್ಣಾರೆ ಕಂಡಿದ್ದರು.

ನನಗೆ ಆಗ ಹೇಮಾವತಿ ನೆನಪಾದಳು. ಬಣ್ಣ ಹೊಡೆಸಿದ ವರ್ಷ ಆ ಮೂಲೆಯಲ್ಲಿ ಕುಳಿತಿದ್ದವಳು. ಐದನೇ ತರಗತಿ ಮುಗಿದರೂ ಓದಲು ಬರಲಿಲ್ಲ, ಆರಕ್ಕೆ ಹೋಗಲಿಲ್ಲ. ಈಗ ಹದಿನಾಲ್ಕು ವರ್ಷ, ಬೆಳಗಾದರೆ ಕನಕಾಂಬರ ಬಿಡಿಸಲು ಕೂಲಿಗೆ ಹೋಗುತ್ತಾಳೆ. ದಾರಿಯಲ್ಲಿ ಸಿಕ್ಕರೆ ನಮಸ್ಕಾರ ಮಿಸ್ ಎನ್ನುತ್ತಾಳೆ. ಅವಳಾದ ಮೇಲೆ ಅಲ್ಲಿ ಕುಳಿತವರನ್ನು ಒಬ್ಬೊಬ್ಬರಾಗಿ ನೆನೆಸಿಕೊಳ್ಳಲು ಹೋಗಿ ನಿಲ್ಲಿಸಿಬಿಟ್ಟೆ. ದಡ್ಡರನ್ನು ಆ ಮೂಲೆಗೆ ಕಳಿಸುತ್ತಿದ್ದೇನೆ ಎಂದುಕೊಂಡಿದ್ದೆ. ಆ ಮೂಲೆಗೆ ಕಳಿಸಿದವರನ್ನು ನಾನೇ ದಡ್ಡರನ್ನಾಗಿ ಮಾಡುತ್ತಿದ್ದೆ.

ಮೇಷ್ಟ್ರು ನನ್ನನ್ನು ಅಳಲು ಬಿಡಲಿಲ್ಲ. ಕೆಲಸ ಹೇಳಿದರು. ಬಡಗಿಗಳು ಮರ ನಯ ಮಾಡಲು ಬಳಸುವ ಉಪ್ಪು ಕಾಗದ ತರಿಸಿ, ಆ ಪೇಂಟಿನ ಹೊಳಪು ಹೋಗುವವರೆಗೆ ಹಲಗೆ ಉಜ್ಜಿಸಿದರು. ಬೇಲಿಯ ತೊಂಡೆ ಸೊಪ್ಪು ಜಜ್ಜಿ, ಅಡುಗೆಮನೆಯ ಇದ್ದಿಲು ಪುಡಿ ಮಾಡಿ ಕಲಸಿ, ಮಕ್ಕಳ ಕೈಯಲ್ಲೇ ಬಳಿಸಿದರು. ಮೊದಲೆಲ್ಲ ಪ್ರತಿ ಜೂನಿನಲ್ಲಿ ಎಲ್ಲ ಶಾಲೆಯಲ್ಲೂ ಮಾಡುತ್ತಿದ್ದ ಕೆಲಸ ಅದು. ನಾನೇ ನಾಲ್ಕನೇ ತರಗತಿಯಲ್ಲಿ ಕೈ ಕಪ್ಪು ಮಾಡಿಕೊಂಡು ಬಳಿದಿದ್ದೆ, ದೊಡ್ಡವಳಾಗಿ ಟೀಚರಾದ ಮೇಲೆ ಮರೆತಿದ್ದೆ. ಹಲಗೆ ಈಗ ಒರಟಾಯಿತು, ನೋಡಲು ಚೆನ್ನಾಗಿರಲಿಲ್ಲ. ಮೂಲೆಯಲ್ಲಿ ಕುಳಿತು ನೋಡಿದೆ. ಅಕ್ಷರಗಳು ಇದ್ದವು, ಮರ ಹೋಗಿತ್ತು.

ಅಷ್ಟಕ್ಕೇ ಮೇಷ್ಟ್ರು ಬಿಡಲಿಲ್ಲ. ನೀನು ಬರೆಯುತ್ತಾ ಹಲಗೆಯ ಜೊತೆ ಮಾತಾಡುತ್ತೀಯ, ಮಕ್ಕಳಿಗೆ ನಿನ್ನ ಜಡೆ ಮಾತ್ರ ಕಾಣುತ್ತದೆ, ಬರೆದು ಪಕ್ಕಕ್ಕೆ ಸರಿದು ನಿಂತು ಆಮೇಲೆ ಮಾತಾಡು ಎಂದರು. ಅಕ್ಷರ ನಿನ್ನ ಅಂಗೈಯಷ್ಟು ಇರಲಿ, ತುಂಬಿದ ಹಲಗೆಗಿಂತ ಅರ್ಧ ಖಾಲಿ ಹಲಗೆ ಮಕ್ಕಳಿಗೆ ಹೆಚ್ಚು ಕಲಿಸುತ್ತದೆ ಎಂದರು. ಸೂರಿನ ಚಾರ್ಟುಗಳನ್ನೆಲ್ಲ ಇಳಿಸಿದೆವು. ಆವತ್ತಿನ ಪಾಠಕ್ಕೆ ಬೇಕಾದ ಒಂದನ್ನು ಮಾತ್ರ ಮಗುವಿನ ಎದೆಯ ಮಟ್ಟಕ್ಕೆ ಕಟ್ಟಬೇಕು, ಪಾಠ ಮುಗಿದ ಮೇಲೆ ತೆಗೆದಿಡಬೇಕು. ಹರಿದರೆ ಹರಿಯಲಿ, ಹರಿದ ಚಾರ್ಟು ಬಳಸಿದ ಚಾರ್ಟು ಎಂದು ಅವರ ಲೆಕ್ಕ.

ಕಂಬಳಿಯನ್ನು ಅವರು ನನಗೇ ಬಿಟ್ಟರು. ಅದು ಅವರ ಹಳೆಯ ಉಪಾಯ. ಕಂಬಳಿಯನ್ನು ಗೋಡೆಗೆ ಬಿಗಿಯಾಗಿ ಕಟ್ಟುವುದು. ಹಳೆಯ ಕ್ಯಾಲೆಂಡರು, ಪೇಪರಿನಿಂದ ಚಿತ್ರ ಕತ್ತರಿಸಿ, ಹಿಂಬದಿಗೆ ಉಪ್ಪು ಕಾಗದದ ಚೂರು ಅಂಟಿಸುವುದು. ಚಿತ್ರವನ್ನು ಉಣ್ಣೆಗೆ ಒತ್ತಿದರೆ ಕಚ್ಚಿಕೊಳ್ಳುತ್ತದೆ, ಎಳೆದರೆ ಬರುತ್ತದೆ. ಹತ್ತು ಕುರಿ ಅಂಟಿಸಿ ಮೂರು ತೆಗೆದರೆ ಕಳೆಯುವ ಲೆಕ್ಕ ಕಣ್ಣ ಮುಂದೆ. ಕರೆಂಟು ಬೇಕಿಲ್ಲ, ರಿಪೇರಿಯವರು ಬೇಕಿಲ್ಲ.

ಮೊದಲ ದಿನ ನಾನು ಉತ್ಸಾಹದಲ್ಲಿ ನಲವತ್ತು ಚಿತ್ರ ಒಟ್ಟಿಗೆ ಅಂಟಿಸಿದೆ. ಮಕ್ಕಳು ಸಂತೆಗೆ ಬಂದವರ ಹಾಗೆ ಕೂಗಾಡಿದರು, ಪಾಠ ಯಾರಿಗೂ ಬೇಕಾಗಲಿಲ್ಲ. ಫೋನು ಮಾಡಿ ಮೇಷ್ಟ್ರಿಗೆ ಹೇಳಿಕೊಂಡೆ. ಒಂದು ಅಂಟಿಸು, ಅದರ ಬಗ್ಗೆ ಕೇಳು, ಮಕ್ಕಳು ಹೇಳಿದ ಮೇಲೆ ಇನ್ನೊಂದು ಅಂಟಿಸು, ಅದನ್ನೂ ನೀನು ಅಂಟಿಸಬೇಡ, ಅವರ ಕೈಗೆ ಕೊಡು ಎಂದರು. ಮರುದಿನ ಹಿಂದೂಪುರದಿಂದ ಹೊರಡುವ ಬಸ್ಸಿನ ದಾರಿ ಮಾಡಿದೆವು. ದಾರ ಎಳೆದು ದಾರಿ, ರಟ್ಟಿನ ಬಸ್ಸು. ಸೋಮಂದೇಪಲ್ಲಿ, ಪೆನುಕೊಂಡ ಎಂದು ಮಕ್ಕಳು ಒಂದೊಂದೇ ಊರು ಅಂಟಿಸುತ್ತಾ ಮೇಲೆ ಹೋದರು. ದಾರದ ಕೊನೆಗೆ ಕಲ್ಯಾಣದುರ್ಗ ಬಂತು. ಒಂದನೇ ತರಗತಿಯ ಒಂದು ಮಗು ಅಲ್ಲಿ ಬೆರಳಿಟ್ಟು, ಯಶೋದಕ್ಕ ಇಲ್ಲಿದಾಳಾ ಎಂದು ಕೇಳಿತು.

ಮಾರ್ಚಿನ ಹೊತ್ತಿಗೆ ಆ ಮೂಲೆಯ ಮೂವರಲ್ಲಿ ಇಬ್ಬರು ಓದತೊಡಗಿದರು. ಸಂತೋಷ ಪಡಬೇಕಾದ ವಿಷಯ. ನಾನು ಹಳೆಯ ಹಾಜರಿ ಪುಸ್ತಕ ತೆಗೆದು ವರ್ಷ ಎಣಿಸಿದೆ. ತಿಂಗಳಲ್ಲಿ ಬರುವ ಓದನ್ನು ನಾನು ನಾಲ್ಕು ವರ್ಷ ಆ ಮಕ್ಕಳಿಂದ ತಡೆದಿಟ್ಟಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಓಬುಳೇಶನನ್ನು ಶಾಲೆಗೆ ಕರೆಸಿದೆ. ಉಡುಸಲಮ್ಮನೂ ಬಂದಳು. ಉಜ್ಜದೆ ಬಿಟ್ಟಿದ್ದ ಹಳೆಯ ಪೇಂಟು ಪಾಠ ನಡೆಯದ ಪಕ್ಕದ ಕೋಣೆಯ ಹಲಗೆಯಲ್ಲಿ ಇನ್ನೂ ಇತ್ತು. ಆ ಕೋಣೆಯ ಬಾಗಿಲೂ ಅಂಗಳದ ಕಡೆಗೇ. ಅದರ ಮೇಲೆ ಓಬುಳೇಶನ ಹೆಸರು ಬರೆದು, ಅಪ್ಪನನ್ನೂ ಅಜ್ಜಿಯನ್ನೂ ಮೂಲೆಯಲ್ಲಿ ಕೂರಿಸಿದೆ. ಅವನು ಏಳನೇ ತರಗತಿ ಓದಿದವನು. ಬಹಳ ಹೊತ್ತು ನೋಡಿ, ಏನೂ ಬರೆದಿಲ್ಲವಲ್ಲ ಮೇಡಂ, ಹೊರಗಿನ ಮರ ಕಾಣ್ತಿದೆ ಎಂದ. ನಿನ್ನ ಹೆಸರೇ ಬರೆದಿದೆ, ಎದ್ದು ಬಂದು ನೋಡು ಎಂದೆ. ಎದ್ದು ಬಂದು ನೋಡಿದ. ಅವನ ಮುಖದಲ್ಲಿ ಮೊದಲು ಏನೂ ಇರಲಿಲ್ಲ, ಆಮೇಲೆ ಎಲ್ಲ ಬಂತು.

ಉಡುಸಲಮ್ಮನಿಗೆ ನಂಬಿಕೆ ಬರಲಿಲ್ಲ. ಹಲಗೆ ಉಜ್ಜಿದರೆ ತಲೆಯೂ ಉಜ್ಜಿದಂತಾಗುತ್ತದೆಯೇ, ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು ಎಂದು ಗೊಣಗಿದಳು. ಅವಳು ಅಕ್ಷರ ಕಲಿತವಳಲ್ಲ. ನಾನು ಕಂಬಳಿಯ ಮುಂದೆ ಅವಳನ್ನು ನಿಲ್ಲಿಸಿ, ಬಸ್ಸು ಕೈಗೆ ಕೊಟ್ಟು, ಮೊಮ್ಮಗಳನ್ನು ಬಿಟ್ಟು ಬಂದ ದಾರಿ ತೋರಿಸು ಎಂದೆ. ಚಿತ್ರದ ಗುರುತು ನೋಡುತ್ತಾ ಮುದುಕಿ ರಟ್ಟಿನ ಬಸ್ಸನ್ನು ಒಂದೊಂದೇ ಊರಿಗೆ ಅಂಟಿಸಿ ಎಳೆದಳು, ಅಂಟಿಸಿ ಎಳೆದಳು. ಕೊನೆಗೆ ಬಂದು ಕೈ ನಿಲ್ಲಿಸಿದಳು.

“ಇಷ್ಟ್ ದೂರ ಬಿಟ್ಟು ಬಂದ್ಬುಟ್ನಾ ನಾನು,” ಎಂದಳು. ಆಮೇಲೆ ಮಗನ ಕಡೆ ತಿರುಗಿ, “ನಡೀಲಾ, ಹೋಗಿ ಕರ್ಕೊಂಡ್ ಬರಾನ,” ಎಂದಳು.

ಮುಂದಿನ ಭಾನುವಾರ ಮೂವರೂ ಕಲ್ಯಾಣದುರ್ಗಕ್ಕೆ ಹೋದೆವು. ನಾಗರತ್ನಳ ಮನೆಯ ಜಗಲಿಯಲ್ಲಿ ಯಶೋದಾ ಕೂಸನ್ನು ಕಾಲ ಮೇಲೆ ಹಾಕಿಕೊಂಡು ತೂಗುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಲ್ಲಲು ಹೋದಳು, ಕೂಸು ಇದ್ದುದರಿಂದ ಆಗಲಿಲ್ಲ. ಎರಡು ತಿಂಗಳಲ್ಲಿ ದೊಡ್ಡ ಹೆಂಗಸಿನ ಹಾಗೆ ಕೂರುವುದು ಕಲಿತಿದ್ದಳು. ನಾಗರತ್ನ ಒಳ್ಳೆಯವಳು. ವಿಷಯ ಕೇಳಿದ ಕೂಡಲೇ, ಕೂಸನ್ನು ನಾನು ನೋಡಿಕೊಳ್ಳುತ್ತೇನೆ, ಮಗು ಓದಲಿ ಎಂದಳು. ಎಲ್ಲರೂ ಒಪ್ಪಿದರು. ದಾರಿಯುದ್ದಕ್ಕೂ ನಾನು ಹೆದರಿದ್ದೆಲ್ಲ ಸುಲಭವಾಗಿ ಮುಗಿಯಿತು.

ಆಮೇಲೆ ನಾನು ಯಶೋದಾಳ ಪಕ್ಕ ನೆಲದ ಮೇಲೆ ಕುಳಿತೆ. ಅಷ್ಟೂ ದಿನ ಮನಸ್ಸಿನಲ್ಲಿ ಕಟ್ಟಿಟ್ಟುಕೊಂಡಿದ್ದ ಮಾತು ಹೇಳಿದೆ. ಅವತ್ತು ಹಲಗೆಯಲ್ಲಿ ಮರ ಇದೆ ಎಂದೆಯಲ್ಲ, ಅದು ನಿಜವಾಗಿಯೂ ಇತ್ತು, ನಾನೂ ನೋಡಿದೆ, ನಿನ್ನ ಜಾಗದಲ್ಲಿ ಕೂತು ನೋಡಿದೆ, ನೀನು ಹೇಳಿದ್ದೇ ಸರಿ, ನಕ್ಕದ್ದು ನನ್ನ ತಪ್ಪು ಎಂದೆ. ಅವಳ ಮುಖ ಅರಳುತ್ತದೆ ಎಂದು ಕಾದೆ.

ಅವಳು ಕೂಸಿನ ಟೋಪಿ ಸರಿ ಮಾಡಿದಳು.

“ಇಲ್ಲ ಮಿಸ್. ಮರ ಇರ್ಲಿಲ್ಲ. ನಾನು ಸುಳ್ಳು ಹೇಳಿದ್ದೆ,” ಎಂದಳು.

ಇತ್ತು ಕಣಮ್ಮ ಎಂದೆ. ಅವಳಪ್ಪನೂ ಇತ್ತು ಎಂದ, ಅಜ್ಜಿಯೂ ಹೇಳಿದಳು. ಅವಳು ಒಪ್ಪಲಿಲ್ಲ. ಹಟದಿಂದಲ್ಲ. ನಾವೆಲ್ಲ ಅವಳನ್ನು ಸಮಾಧಾನ ಮಾಡಲು ಸುಳ್ಳು ಹೇಳುತ್ತಿದ್ದೇವೆ ಎಂಬಂತೆ ಮರುಕದಿಂದ ನೋಡಿದಳು. ತನ್ನ ಕಣ್ಣು ಕಂಡದ್ದನ್ನು ನಂಬಬಾರದು ಎಂದು ಆ ಮಗುವಿಗೆ ನಾನು ಅಷ್ಟು ಚೆನ್ನಾಗಿ ಕಲಿಸಿದ್ದೆ. ನಾನು ಕಲಿಸಿದ ಪಾಠಗಳಲ್ಲಿ ಅವಳ ತಲೆಗೆ ಹತ್ತಿದ್ದು ಅದೊಂದೇ.

ಯಶೋದಾ ಈಗ ಶಾಲೆಗೆ ಬರುತ್ತಾಳೆ. ಒಂದು ದಿನವೂ ತಪ್ಪಿಸುವುದಿಲ್ಲ. ಮುಂದೆ ಕೂರು ಎಂದು ಕರೆದರೆ ಬಂದು ಕೂರುತ್ತಾಳೆ, ನಾನು ತಿರುಗುವಷ್ಟರಲ್ಲಿ ಹಿಂದಿನ ಮೂಲೆಗೆ ಹೋಗಿರುತ್ತಾಳೆ. ಹಲಗೆ ಆ ಮೂಲೆಯಿಂದ ಈಗ ಚೆನ್ನಾಗಿ ಕಾಣುತ್ತದೆ, ನಾನು ದಿನಾ ಬೆಳಿಗ್ಗೆ ಕುಳಿತು ನೋಡುತ್ತೇನೆ. ಅವಳು ನೋಡುವುದಿಲ್ಲ. ತಲೆ ತಗ್ಗಿಸಿ ಪಕ್ಕದವಳ ಪುಸ್ತಕದಿಂದ ಇಳಿಸಿಕೊಳ್ಳುತ್ತಾಳೆ, ಅವಳ ತಪ್ಪುಗಳ ಸಮೇತ. ಕಂಬಳಿಯ ಹತ್ತಿರ ಒಂದು ಸಲ ಬಂದಿದ್ದಳು. ಎಲ್ಲರೂ ಊಟಕ್ಕೆ ಹೋದ ಮೇಲೆ, ಕೆಳಗೆ ಬಿದ್ದಿದ್ದ ಒಂದು ಕುರಿಯನ್ನು ಎತ್ತಿ ಉಣ್ಣೆಗೆ ಒತ್ತಿ, ಕಚ್ಚಿಕೊಂಡಿತೇ ಎಂದು ನೋಡಿದಳು. ನಾನು ಬಾಗಿಲಲ್ಲಿ ನಿಂತಿದ್ದೇನೆಂದು ಗೊತ್ತಾದ ಕೂಡಲೇ ಕಿತ್ತು ಕೆಳಗಿಟ್ಟಳು.

ಇದು ಸರಿಹೋಗುತ್ತದೆಯೇ ಎಂದು ಕೊಟ್ಟೂರಪ್ಪ ಮೇಷ್ಟ್ರನ್ನು ಕೇಳಿದೆ. ಸರಿಹೋಗುತ್ತದೆ ಎಂದು ಅವರು ಹೇಳಲಿಲ್ಲ. ಹಲಗೆ ಉಜ್ಜಲು ಒಂದು ದಿನ ಸಾಕು, ಇದಕ್ಕೆ ಎಷ್ಟು ದಿನ ಬೇಕೋ ನನಗೆ ಗೊತ್ತಿಲ್ಲ ಎಂದರು.

ಅಕ್ಕಂದಿರೇ, ಅಣ್ಣಂದಿರೇ, ನನ್ನ ಹಾಗೆ ಪಾಠ ಹೇಳುವವರೇ. ನಿಮ್ಮ ಶಾಲೆಗೆ ಹೊಸದೇನನ್ನೂ ತರಬೇಡಿ, ಇರುವುದು ಕಾಣುತ್ತದೆಯೇ ನೋಡಿ. ನಾಳೆ ಬೆಳಿಗ್ಗೆ ಮಕ್ಕಳು ಬರುವ ಮುಂಚೆ ಹಲಗೆಯ ಮೇಲೆ ನಾಲ್ಕು ಸಾಲು ಬರೆದು, ಕೋಣೆಯ ನಾಲ್ಕು ಮೂಲೆಯಲ್ಲೂ ನೆಲದ ಮೇಲೆ ಕೂತು ಓದಿ. ಮಧ್ಯಾಹ್ನ ಇನ್ನೊಂದು ಸಲ ಕೂತು ಓದಿ, ಬೆಳಕು ಅಷ್ಟರಲ್ಲಿ ಜಾಗ ಬದಲಾಯಿಸಿರುತ್ತದೆ. ಹೊಳೆಯುವ ಹಲಗೆಯನ್ನು ಒರಟು ಮಾಡಿ. ಸೂರಿನ ಚಾರ್ಟನ್ನು ಮಗುವಿನ ಕೈಗೆ ಇಳಿಸಿ. ತಾಯಂದಿರೇ, ಸಭೆಗೆ ಹೋದಾಗ ನಿಮ್ಮ ಮಗು ಕೂರುವ ಜಾಗ ಯಾವುದು ಎಂದು ಕೇಳಿ, ಅಲ್ಲಿ ಕೂತು ನೋಡಿ ಬನ್ನಿ. ಓದು ತಲೆಗೆ ಹತ್ತಲ್ಲ ಎಂದು ಯಾರಾದರೂ ಹೇಳಿದರೆ, ಹೇಳುವವಳು ನಾನೇ ಆದರೂ, ಅಷ್ಟು ಬೇಗ ನಂಬಬೇಡಿ.

ಹಲಗೆಯಲ್ಲಿ ಏನು ಕಾಣುತ್ತದೆ ಎಂದು ಮಗುವನ್ನು ಕೇಳಿ. ಮರ ಕಾಣುತ್ತದೆ ಎಂದು ಅದು ಹೇಳಿದರೆ ನಗಬೇಡಿ. ಎದ್ದು ಹೋಗಿ ಅದರ ಪಕ್ಕದಲ್ಲಿ ಕೂತುಕೊಳ್ಳಿ. ಅದು ಎರಡನೇ ಸಲ ಹೇಳುವುದಿಲ್ಲ.